ಪುಟ್ಟ ಪಿನ್‌ಬಾಲ್ ಪೆಟ್ಟಿಗೆಗೆ ಯಾವ ಕಂಪ್ಯೂಟರ್?

ಪ್ರಶ್ನೆ: ಮೇಜಿನ ಮೇಲೆ ಇಡಬಹುದಾದ ವರ್ಚುವಲ್ ಪಿನ್‌ಬಾಲ್ ಯಂತ್ರವೊಂದನ್ನು (ಗುಂಡಿ ಒತ್ತಿ ಚೆಂಡು ಹೊಡೆಯುವ ಆಟ, ಆದರೆ ಚೆಂಡೂ ಅಂಕಣವೂ ಪರದೆಯ ಮೇಲೆ) ಮಾಡಿಸುತ್ತಿದ್ದೇನೆ. 24 ಅಂಗುಲದ ಮಾನಿಟರನ್ನು ಉದ್ದುದ್ದ ಮಲಗಿಸಿ ಆಟದ ಅಂಕಣ, ಹಿಂಬದಿಯಲ್ಲಿ ನಿಲ್ಲುವ ಚಿತ್ರಫಲಕಕ್ಕೆ 15 ಅಂಗುಲದ ಪರದೆ, ಅದರ ಕೆಳಗೆ ಅಂಕ ತೋರಿಸುವ ಪುಟ್ಟ ಪರದೆ. ಪೆಟ್ಟಿಗೆಯ ಒಳ ಅಗಲ 13 ಅಂಗುಲ. ಇಂಟೆಲ್‌ನ ಎನ್100 ಚಿಪ್ ಇರುವ ಅಗ್ಗದ ಮಿನಿ ಪಿಸಿ ಸಾಕೇ? ಅಂಗಡಿಯವರು ಗೇಮಿಂಗ್ ಪಿಸಿಯೇ ಬೇಕು ಎನ್ನುತ್ತಾರೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಎನ್100 ಬೇಡ, ದೊಡ್ಡ ಗೇಮಿಂಗ್ ಪಿಸಿಯೂ ಬೇಡ. ಆದರೆ ಕಂಪ್ಯೂಟರಿನ ಮಾತಿಗೆ ಮೊದಲು ಒಂದು ವಿಷಯ ಹೇಳಿ: ನಿಮ್ಮ 24 ಅಂಗುಲದ ಮಾನಿಟರ್ 1080ಪಿ ತಾನೇ? ಹಾಗಿದ್ದರೆ ಅರ್ಧ ತಲೆನೋವು ಕಳೆಯಿತು. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿದ್ದರೆ 4ಕೆ ಪರದೆಯಲ್ಲಿ 83 ಲಕ್ಷ. ಗ್ರಾಫಿಕ್ಸ್ ಚಿಪ್ಪಿನ ಕೆಲಸ ಒಮ್ಮೆಗೇ ನಾಲ್ಕು ಪಟ್ಟಾಗುತ್ತದೆ. ಎರಡಡಿಯೊಳಗಿನ ಅಂಕಣಕ್ಕೆ 4ಕೆ ಎಂಬುದು ಆಡಂಬರ. ಆ ಹಣವನ್ನು 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಅಥವಾ ಅದಕ್ಕೂ ಮೇಲಿನ ಮಾನಿಟರಿಗೆ ಹಾಕಿ.

ಕಾರಣವಿದೆ. ಬಹುತೇಕ ಹವ್ಯಾಸಿಗಳು ಬಳಸುವ ವಿಷುಯಲ್ ಪಿನ್‌ಬಾಲ್ ಎಂಬ ಉಚಿತ ತಂತ್ರಾಂಶವು ಚೆಂಡಿನ ಚಲನೆಯನ್ನು ಸೆಕೆಂಡಿಗೆ ಸಾವಿರ ಬಾರಿ ಲೆಕ್ಕ ಹಾಕುತ್ತದೆ. ಪರದೆ ಮಾತ್ರ 60 ಹರ್ಟ್ಸಿನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ, 120 ಹರ್ಟ್ಸಿನಲ್ಲಿ 8.3 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಕೊಡುತ್ತದೆ. ಚೆಂಡು ಫ್ಲಿಪರಿನ, ಅಂದರೆ ಅದನ್ನು ಹೊಡೆಯುವ ಪುಟ್ಟ ತೋಳಿನ, ತುದಿಗೆ ಉರುಳಿ ಬರುವ ಕ್ಷಣದಲ್ಲಿ ಗುಂಡಿ ಒತ್ತಿ ನೋಡಿ. ಹೊಡೆತ ತಡವಾಗಿ ಕಂಡರೆ, ಚಿತ್ರ ಎಷ್ಟು ಅಂದವಾಗಿದ್ದರೂ ಆಟ ಸತ್ತಂತೆ. ಮಾನಿಟರ್ ಐಪಿಎಸ್ ಬಗೆಯದೇ (ಓರೆಯಿಂದಲೂ ಬಣ್ಣ ಸರಿಯಾಗಿ ಕಾಣುವ ಪರದೆ) ಆಗಿರಲಿ. ಮಲಗಿಸಿದ ಪರದೆಯನ್ನು ಒಂದು ತುದಿಯಿಂದ ಓರೆಯಾಗಿ ನೋಡುತ್ತೀರಿ. ಅಗ್ಗದ ಟಿಎನ್ ಪರದೆಯಲ್ಲಿ ಅಂಕಣದ ಆಚೆ ತುದಿಯ ಬಣ್ಣವೇ ಬೇರೆಯಾಗಿ ಕಾಣುತ್ತದೆ.

ಈಗ ಎನ್100. ಅದು ಕಚೇರಿ ಕೆಲಸಕ್ಕೆ, ಸಿನಿಮಾ ನೋಡುವುದಕ್ಕೆ ಒಳ್ಳೆಯ ಚಿಪ್; ಕೇವಲ 6 ವಾಟ್ ದರ್ಜೆಯದು, ಅದರ ಶಕ್ತಿಯೂ ಅಷ್ಟಕ್ಕಷ್ಟೇ. ಮೆಮೊರಿಗೆ ಒಂದೇ ಚಾನೆಲ್, ಅಂದರೆ ದತ್ತಾಂಶ ಹರಿಯಲು ಒಂದೇ ದಾರಿ. ಹಳೆಯ, ಸರಳವಾದ ಟೇಬಲ್‌ಗಳನ್ನು ಅದು ಓಡಿಸುತ್ತದೆ. (ಈ ಲೋಕದಲ್ಲಿ ಒಂದೊಂದು ಆಟವನ್ನೂ ಟೇಬಲ್ ಎನ್ನುತ್ತಾರೆ.) ಆದರೆ ಈಚಿನ ಟೇಬಲ್‌ಗಳು ದೀಪ, ನೆರಳು, ಪ್ರತಿಬಿಂಬಗಳ ಜಾತ್ರೆ, ಮೂರು ಪರದೆಗಳ ಹೊರೆಯೂ ಸೇರಿದರೆ ಅದು ಏದುಸಿರು ಬಿಡುತ್ತದೆ.

ನನ್ನ ಆಯ್ಕೆ ಎಎಂಡಿ ಕಂಪನಿಯ ರೈಜನ್ ಚಿಪ್ಪಿನ ಮಿನಿ ಪಿಸಿ: ಒಳಗೆ ರೇಡಿಯಾನ್ 680ಎಂ ಅಥವಾ 780ಎಂ ಗ್ರಾಫಿಕ್ಸ್ ಇರುವಂಥದ್ದು. ರೈಜನ್ 7 6800ಎಚ್ ಮತ್ತು 7840ಎಚ್‌ಎಸ್ ಚಿಪ್ಪುಗಳಲ್ಲಿ ಇವು ಸಿಗುತ್ತವೆ. 1080ಪಿ ಅಂಕಣಕ್ಕೆ ಇಷ್ಟು ಬಲ ಸಾಕು. ತೀರಾ ಭಾರವಾದ ಟೇಬಲ್ ಬಂದರೆ ಪ್ರತಿಬಿಂಬಗಳ ಆಯ್ಕೆಯನ್ನು ಆಫ್ ಮಾಡಿದರಾಯಿತು. ಒಂದು ಎಚ್ಚರಿಕೆ: 16 ಜಿಬಿ ರ‍್ಯಾಮ್ ಎಂದು ಹೇಳಿ ಒಂದೇ ಪಟ್ಟಿ ಹಾಕಿ ಮಾರುತ್ತಾರೆ. ಈ ಚಿಪ್ಪಿಗೆ ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಎಳೆದುಕೊಳ್ಳಬೇಕು. ಒಂದೇ ಪಟ್ಟಿಯಿದ್ದರೆ ಎರಡು ಕೊಳಾಯಿ ಇದ್ದೂ ಒಂದನ್ನೇ ತಿರುಗಿಸಿದಂತೆ. 8 ಜಿಬಿಯ ಎರಡು ಪಟ್ಟಿ ಹಾಕಿಸಿ. ಅಂಗಡಿಯಲ್ಲೇ ತೆರೆದು ತೋರಿಸಲು ಹೇಳಿದರೂ ತಪ್ಪಿಲ್ಲ.

ಇನ್ನು ಹಿಂಬದಿಯ ಕಿಂಡಿಗಳನ್ನು ಎಣಿಸಿ. ಮೂರು ಪರದೆಗೆ ಮೂರು ಹೊರದಾರಿ ಬೇಕು. ಸಾಮಾನ್ಯವಾಗಿ ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್, ಒಂದು ಯುಎಸ್‌ಬಿ-ಸಿ ಇರುತ್ತವೆ. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ಚಿತ್ರವನ್ನು ಕಳುಹಿಸುವುದಿಲ್ಲ. ಕೆಲವು ಬರೀ ದತ್ತಾಂಶಕ್ಕೆ. ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳದೆ ಹಣ ಕೊಡಬೇಡಿ. ಯುಎಸ್‌ಬಿಯಿಂದ ಎಚ್‌ಡಿಎಂಐ ಮಾಡುವ ಅಗ್ಗದ ಅಡಾಪ್ಟರನ್ನು ಅಂಕಣದ ಪರದೆಗಂತೂ ಬಳಸಬೇಡಿ. ವಿಳಂಬ ಅಲ್ಲಿಂದಲೇ ಶುರುವಾಗುತ್ತದೆ.

ಬಜೆಟ್ ಬಿಗಿಯಾಗಿದ್ದರೆ ಇನ್ನೊಂದು ದಾರಿಯಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕಚೇರಿಗಳಿಂದ ಹೊರಬಿದ್ದ ಸಣ್ಣ ಡೆಸ್ಕ್‌ಟಾಪ್‌ಗಳು ಸಿಗುತ್ತವೆ. 8ನೇ ತಲೆಮಾರಿನ ಇಂಟೆಲ್ ಐ5 ಅಥವಾ ಅದಕ್ಕಿಂತ ಹೊಸದನ್ನು ಆರಿಸಿ, ಗಿಡ್ಡ ಜಾತಿಯ, ಅಂದರೆ ಲೋ ಪ್ರೊಫೈಲ್ ಗ್ರಾಫಿಕ್ಸ್ ಕಾರ್ಡ್ ಸೇರಿಸಿ. ಪುಸ್ತಕದಷ್ಟೇ ಇರುವ ಒಂದು ಲೀಟರಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾರ್ಡಿಗೆ ಜಾಗವೇ ಇರುವುದಿಲ್ಲ, ಅವು ಬೇಡ. ಜಿಟಿಎಕ್ಸ್ 1650 ಅಥವಾ 6 ಜಿಬಿಯ ಆರ್‌ಟಿಎಕ್ಸ್ 3050 ಆಗಬಹುದು. ಎರಡನೆಯದು 70 ವಾಟ್ ಮಾತ್ರ ಎಳೆಯುವುದರಿಂದ ಬೇರೆ ವಿದ್ಯುತ್ ತಂತಿ ಬೇಕಿಲ್ಲ. ಆದರೆ ಕೆಲವು ಕಚೇರಿ ಪೆಟ್ಟಿಗೆಗಳಲ್ಲಿ ಕಾರ್ಡ್ ಕೂರುವ ಸ್ಲಾಟು ಅಷ್ಟನ್ನೂ ಕೊಡುವುದಿಲ್ಲ, ಮಾದರಿಯ ವಿವರ ನೋಡಿಯೇ ಕಾರ್ಡ್ ಕೊಳ್ಳಿ. ಆರ್‌ಎಕ್ಸ್ 6400 ಅಗ್ಗವೆಂದು ಆಸೆ ಹುಟ್ಟಿಸುತ್ತದೆ. ಅದರಲ್ಲಿ ಇರುವುದು ಎರಡೇ ಹೊರದಾರಿ. ಹಳೆಯ ಬೋರ್ಡಿನ ಮೂರನೆಯ ತಲೆಮಾರಿನ ಪಿಸಿಐಇ ಸ್ಲಾಟಿನಲ್ಲಿ ವೇಗವೂ ಕುಗ್ಗುತ್ತದೆ. ನಿಮಗೆ ಹೊಂದುವುದಿಲ್ಲ. ಪರದೆ ಒಡೆದ ಗೇಮಿಂಗ್ ಲ್ಯಾಪ್‌ಟಾಪ್ ಯಾರಾದರೂ ಮಾರುತ್ತಿದ್ದರೆ ಅದನ್ನೂ ತಳ್ಳಿಹಾಕಬೇಡಿ. ನಿಮಗೆ ಬೇಕಿಲ್ಲದ್ದು ಅದರ ಪರದೆಯೊಂದೇ.

ಪ್ರೊಸೆಸರ್ ಆರಿಸುವಾಗ ಕೋರುಗಳ (ಅದರೊಳಗಿನ ಲೆಕ್ಕದ ಘಟಕಗಳ) ಸಂಖ್ಯೆಗೆ ಮರುಳಾಗಬೇಡಿ. ಈ ತಂತ್ರಾಂಶ ಹೆಚ್ಚಾಗಿ ಒಂದೇ ಕೋರಿನ ವೇಗವನ್ನು ನೆಚ್ಚಿಕೊಂಡಿದೆ.

ಪ್ರಶ್ನೆ: ಮನೆಯಲ್ಲಿ ರಾಸ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಅದರಲ್ಲೇ ಪಿನ್‌ಬಾಲ್ ಆಗುತ್ತದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಆಗುತ್ತದೆ, ಷರತ್ತುಗಳೊಂದಿಗೆ. ವಿಷುಯಲ್ ಪಿನ್‌ಬಾಲ್ ಮೊದಲು ವಿಂಡೋಸಿನದಾಗಿತ್ತು. ಈಗ ಲಿನಕ್ಸಿನಲ್ಲೂ, ಪೈ ಮೇಲೂ ಓಡುವ ಸ್ವತಂತ್ರ ಆವೃತ್ತಿ ಇದೆ. ಆದರೆ ಟೇಬಲ್‌ಗಳ ಒಳಗಿನ ಸ್ಕ್ರಿಪ್ಟ್ (ಆಟವನ್ನು ನಡೆಸುವ ಆಜ್ಞೆಗಳ ಕಡತ) ವಿಂಡೋಸನ್ನು ನಂಬಿ ಬರೆದದ್ದು. ಕೆಲವಕ್ಕೆ ತಿದ್ದಿದ ಸ್ಕ್ರಿಪ್ಟ್ ಹುಡುಕಿ ಹಾಕಬೇಕು. ಪೈ 5ರಲ್ಲಿ ಇರುವುದು ಎರಡೇ ಮೈಕ್ರೋ ಎಚ್‌ಡಿಎಂಐ. ಎರಡು ಪರದೆ, ಹಗುರವಾದ ಟೇಬಲ್‌ಗಳು, ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್ಲಿನಲ್ಲಿ ಗುದ್ದಾಡುವ ತಾಳ್ಮೆ ಇದ್ದರೆ ಶುರು ಮಾಡಿ. ಮಕ್ಕಳಿಗೆ ಬೇಸಿಗೆ ರಜೆಯೊಳಗೆ ಆಡಿಸಬೇಕೆಂದಿದ್ದರೆ ವಿಂಡೋಸ್ ಮಿನಿ ಪಿಸಿಯೇ ನೆಮ್ಮದಿ. ಗುಂಡಿಗಳಿಗೆ, ಪೆಟ್ಟಿಗೆಯನ್ನು ತಟ್ಟಿದ್ದನ್ನು ಗ್ರಹಿಸುವ ಸಂವೇದಕಕ್ಕೆ ಬೇಕಾದದ್ದು ಬೇರೆ ಪೈ: ಪುಟ್ಟ ಪೈ ಪಿಕೋ ಬೋರ್ಡಿಗೆ ಪಿನ್‌ಸ್ಕೇಪ್ ಪಿಕೋ ಎಂಬ ಉಚಿತ ತಂತ್ರಾಂಶವಿದೆ. ಇದನ್ನು ಯಾವ ಪಿಸಿಗಾದರೂ ಜೋಡಿಸಬಹುದು.

ಪ್ರಶ್ನೆ: ಪೆಟ್ಟಿಗೆ ಮುಚ್ಚಿದರೆ ಮಿನಿ ಪಿಸಿ ಬಿಸಿಯಾಗುವುದಿಲ್ಲವೇ? ಆನ್ ಮಾಡುವ ಗುಂಡಿಗೆ ಕೈ ಎಟುಕುವುದು ಹೇಗೆ?
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಊರಿನ ಮೇ ತಿಂಗಳಿನಲ್ಲಿ ಖಂಡಿತ ಆಗುತ್ತದೆ. ತಳದಲ್ಲಿ ಗಾಳಿಗೆ ರಂಧ್ರ, ಹಿಂಬದಿಯ ಮೇಲುಭಾಗದಲ್ಲಿ ಬಿಸಿ ಗಾಳಿಯನ್ನು ಹೊರದೂಡುವ 120 ಮಿಲಿಮೀಟರಿನ ಫ್ಯಾನ್ ಇಡಿ. ಮಿನಿ ಪಿಸಿಯನ್ನು ಹಲಗೆಗೆ ಅಂಟಿಸದೆ ಒಂದಂಗುಲ ಎತ್ತರಿಸಿ. ಎಷ್ಟೋ ಮಾದರಿಗಳು ತಳದಿಂದಲೇ ಗಾಳಿ ಎಳೆಯುತ್ತವೆ. ಗುಂಡಿಯ ಗೋಜಿಗೆ ಹೋಗದೆ, ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಆಯ್ಕೆಯನ್ನು ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಹಾಕಿದರೆ ಹೊರಗಿನ ಒಂದೇ ಸ್ವಿಚ್ಚಿನಿಂದ ಪರದೆಗಳೂ ಪಿಸಿಯೂ ಎದ್ದು ಕೂರುತ್ತವೆ. ಆರಿಸುವಾಗ ಮಾತ್ರ ಆ ಸ್ವಿಚ್ಚಿಗೆ ಕೈ ಹಾಕುವ ಮೊದಲು ವಿಂಡೋಸನ್ನು ಕ್ರಮವಾಗಿ ಮುಚ್ಚಿ. ಕರೆಂಟ್ ಆಗಾಗ ಹೋಗಿ ಬರುವ ಬಡಾವಣೆಯಾದರೆ ಒಂದು ಸಣ್ಣ ಯುಪಿಎಸ್ ಸೇರಿಸಿ.