ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿವೆ!

ಪ್ರಶ್ನೆ: ಪಹಣಿ, ಬೆಳೆಸಾಲದ ಕಾಗದ ಪ್ರಿಂಟ್ ತೆಗೆಸಲು ಪೆನ್ ಡ್ರೈವನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಕ್ಲಿಕ್ ಮಾಡಿದರೆ ತೆರೆಯುತ್ತವೆ. ಆಮೇಲೆ ಹಾಕಿದ ಇನ್ನೊಂದು ಪೆನ್ ಡ್ರೈವೂ ಹೀಗೇ ಆಯಿತು. ತಮ್ಮನ ಮಗ ‘ಫಾರ್ಮ್ಯಾಟ್ ಹೊಡೆದುಬಿಡು’ ಎನ್ನುತ್ತಾನೆ. ಅಡಿಕೆ ಲೆಕ್ಕವೆಲ್ಲ ಅದರಲ್ಲೇ ಇದೆ.
— ಓದುಗರು, ಸಿದ್ದಾಪುರ

ಉತ್ತರ: ಈಗಲೇ ಫಾರ್ಮ್ಯಾಟ್ ಬೇಡ. ಲೆಕ್ಕ ಬಹುಪಾಲು ಅಲ್ಲೇ ಅಡಗಿ ಕೂತಿರುತ್ತದೆ. ಶಿರಸಿಯ ನನ್ನ ರಿಪೇರಿ ಮೇಜಿಗೆ ಬೆಳೆಸಾಲ ನವೀಕರಣದ ಹೊತ್ತಿಗೆ ಈ ಕಾಯಿಲೆಯವೇ ಹೆಚ್ಚು ಬರುತ್ತವೆ.

ಈ ವೈರಸ್ ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಕ್ಲಿಕ್ಕಿಸಿದಾಗ ಅದರ ಸ್ಕ್ರಿಪ್ಟ್ (ವೈರಸ್ಸಿನ ಪುಟ್ಟ ಪ್ರೋಗ್ರಾಮ್) ಓಡುತ್ತದೆ, ಜೊತೆಗೆ ಫೋಲ್ಡರೂ ತೆರೆಯುತ್ತದೆ. ನಿಮಗೆ ಸಂಶಯವೇ ಬರುವುದಿಲ್ಲ. ಎರಡನೆಯ ಪೆನ್ ಡ್ರೈವಿಗೂ ಹತ್ತಿದೆ ಎಂದರೆ ಕಂಪ್ಯೂಟರಿಗೇ ತಗುಲಿದೆ. ಅದನ್ನು ಬಿಟ್ಟು ಪೆನ್ ಡ್ರೈವ್ ತೊಳೆದರೆ ಸಂಜೆಗೆ ಮತ್ತೆ ಅದೇ ಕಥೆ.

ಎರಡೂ ಪೆನ್ ಡ್ರೈವ್ ಕಿತ್ತಿಡಿ. ವಿಂಡೋಸ್ ಸೆಕ್ಯೂರಿಟಿ (ವಿಂಡೋಸ್ ಜೊತೆಗೇ ಬರುವ ‘ಡಿಫೆಂಡರ್’ ಆ್ಯಂಟಿವೈರಸ್ ಇರುವ ಜಾಗ) ತೆರೆದು ಅಪ್‌ಡೇಟ್ ಮಾಡಿ, ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷ. ನಮ್ಮ ಕಡೆಯ ಮಳೆಗಾಲದ ಕರೆಂಟ್ ನಂಬಿ ಕೂರಬೇಡಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಬಳಿಕ ಒಮ್ಮೆ ಫುಲ್ ಸ್ಕ್ಯಾನ್. ಡಿಫೆಂಡರ್ ಆಫ್ ಆಗಿ ಕೂತಿದ್ದರೆ, ಯಾರೋ ಪುಕ್ಕಟೆ ವಿಂಡೋಸ್‌ಗೆಂದು ಹಾಕಿಕೊಟ್ಟ ‘ಆ್ಯಕ್ಟಿವೇಟರ್’ ಮೇಲೆ ನನಗೆ ಮೊದಲ ಅನುಮಾನ.

ಈಗ ಪೆನ್ ಡ್ರೈವ್ ಹಾಕಿ, ತೆರೆಯದೆ, ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ನಲ್ಲಿ ಹಿಡನ್ ಫೈಲ್ ತೋರಿಸುವುದನ್ನು ಆರಿಸಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎದುರಿನ ಟಿಕ್ ತೆಗೆಯಿರಿ. ಮಸುಕು ಬಣ್ಣದಲ್ಲಿ ನಿಮ್ಮ ಫೋಲ್ಡರುಗಳು ಕಾಣುತ್ತವೆ. ಕೆಲವೊಮ್ಮೆ ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತುಂಬಿಟ್ಟಿರುತ್ತದೆ, ಅದನ್ನೂ ನೋಡಿ. ಎಕ್ಸೆಲ್, ಪಿಡಿಎಫ್, ಫೋಟೊ ಮಾತ್ರ ಕಾಪಿ ಮಾಡಿ, ಶಾರ್ಟ್‌ಕಟ್ ಮುಟ್ಟಬೇಡಿ. ಲೆಕ್ಕ ತೆರೆದು ಸರಿಯಿದೆಯೆಂದು ನೋಡಿಕೊಂಡ ಮೇಲೆ ತಮ್ಮನ ಮಗನ ಮಾತಿನಂತೆ ಎರಡನ್ನೂ ಫಾರ್ಮ್ಯಾಟ್ ಮಾಡಬಹುದು.

ಆ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡಿದ್ದರೆ ಪಾಸ್‌ವರ್ಡನ್ನು ಮೊಬೈಲಿನಿಂದ ಇವತ್ತೇ ಬದಲಿಸಿ.

ಜೆರಾಕ್ಸ್ ಅಂಗಡಿಯವರಿಗೆ ಒಂದು ಫೋನ್ ಮಾಡಿ, ಪಾಪ, ಅವರಿಗೂ ಯಾರದೋ ಪೆನ್ ಡ್ರೈವಿನಿಂದಲೇ ಬಂದಿರುತ್ತದೆ. ಮುಂದಿನ ಸಲ ಪಹಣಿಯ ಪಿಡಿಎಫ್ ಅವರ ವಾಟ್ಸ್‌ಆ್ಯಪ್‌ಗೆ ಕಳಿಸಿ, ಪ್ರಿಂಟ್ ತೆಗೆದ ಮೇಲೆ ಅಳಿಸಲು ಹೇಳಿ.