ಔಟ್‌ಬೋರ್ಡ್ ಇಂಜಿನ್ ಈಗ ನಂಬಬಹುದೇ?

ಪ್ರಶ್ನೆ: ಅಪ್ಪನ ಕಾಲದಲ್ಲಿ ನಮ್ಮ ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಸೀಮೆಎಣ್ಣೆ ಇಂಜಿನ್ (ಔಟ್‌ಬೋರ್ಡ್) ಸಮುದ್ರದಲ್ಲಿ ಆಗಾಗ ನಿಲ್ಲುತ್ತಿತ್ತು. ಪೆಟ್ರೋಲಿನ ಹೊಸ ಫೋರ್ ಸ್ಟ್ರೋಕ್ ಇಂಜಿನ್ ನಂಬಬಹುದೇ?
– ಓದುಗರು, ಗಂಗೊಳ್ಳಿ

ಉತ್ತರ: ಧೈರ್ಯವಾಗಿ ನಂಬಿ. ನಿಮ್ಮ ಹಳೆಯ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲನ್ನು ಇಂಧನಕ್ಕೇ ಬೆರೆಸಬೇಕಿತ್ತು, ಅಳತೆ ಜಾಸ್ತಿಯಾದರೆ ಪ್ಲಗ್‌ಗೆ ಮಸಿ, ಕಡಿಮೆಯಾದರೆ ಪಿಸ್ಟನ್ನೇ ಜಾಮ್, ಅದರ ಮೇಲೆ ಸೀಮೆಎಣ್ಣೆ ಪೂರ್ತಿ ಉರಿಯದೆ ಇನ್ನಷ್ಟು ಮಸಿ ಕಟ್ಟುತ್ತಿತ್ತು. ನಿಮ್ಮ ತಂದೆಯವರು ಹಗ್ಗ ಎಳೆದೆಳೆದು ಸುಸ್ತಾಗಿದ್ದು ಅವರ ತಪ್ಪಲ್ಲ.

ಇಂಧನಕ್ಕೆ ಆಯಿಲ್ ಬೆರೆಸಬೇಕಿಲ್ಲದ ಫೋರ್ ಸ್ಟ್ರೋಕ್ ಔಟ್‌ಬೋರ್ಡನ್ನು ಹೊಂಡಾ 1964ರಲ್ಲೇ ತಂದಿತ್ತು. ಆದರೆ ಅದು ಎಲ್ಲೆಡೆ ಹರಡಿದ್ದು 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹೊಗೆಯ ನಿಯಮ ಬಿಗಿಯಾದ ಮೇಲೆ. ಈಗಿನ ಹೆಚ್ಚಿನ ಇಂಜಿನ್‌ಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬ್ಯುರೇಟರ್ ಇಲ್ಲ, ಬೇಕಾದಷ್ಟೇ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ. ಬಿಸಿ ಏರಿದರೆ, ಆಯಿಲ್ ಒತ್ತಡ ಇಳಿದರೆ ಅಲಾರಾಂ ಕೂಗುತ್ತದೆ, ವೇಗ ತಾನೇ ತಗ್ಗುತ್ತದೆ. ನಿಧಾನವಾಗಿಯಾದರೂ ದಡ ಸೇರಬಹುದು, ಅದೇ ದೊಡ್ಡದು ಅಲ್ವಾ?

ಉಪ್ಪುನೀರು ಮಾತ್ರ ಬದಲಾಗಿಲ್ಲ. ದಿನಾ ವಾಪಸ್ ಬಂದ ಮೇಲೆ ಸಿಹಿನೀರು ಹಾಯಿಸಿ ಇಂಜಿನ್ ತೊಳೆಯಿರಿ. ಪೆಟ್ರೋಲಿಗೆ ನೀರು ಸೇರಿದರೆ ಇಂಜೆಕ್ಟರ್ ಸಹಿಸುವುದಿಲ್ಲ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಹುಟ್ಟನ್ನಂತೂ ಮನೆಯಲ್ಲಿ ಬಿಟ್ಟು ಹೋಗಬೇಡಿ.