ಮಕ್ಕಳನ್ನು ಬಿಟ್ಟು ಒಂದು ರಾತ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಗೆ ಏಳು ವರ್ಷದ ಮಗಳು, ಮೂರು ವರ್ಷದ ಮಗ. ಶನಿವಾರ ಹೋಗಿ ಭಾನುವಾರ ಬನ್ನಿ, ಮಕ್ಕಳನ್ನು ನಾನು ನೋಡ್ಕೋತೀನಿ ಅಂತ ಅತ್ತೆಯವರೇ ಹೇಳಿದ್ದಾರೆ. ನಮ್ಮವರು ಜೋಗ, ಸಿಗಂದೂರು, ಕೊಡಚಾದ್ರಿ ಮೂರೂ ಮುಗಿಸೋಣ ಅನ್ನುತ್ತಿದ್ದಾರೆ. ಆಗುತ್ತದೆಯೇ?
– ವಿನೋಬನಗರ, ಶಿವಮೊಗ್ಗ

ಉತ್ತರ: ಬೇಡ. 2025ರ ಜುಲೈನಲ್ಲಿ ಸೇತುವೆ ಆದಮೇಲೆ ಸಿಗಂದೂರಿಗೆ ಲಾಂಚು ಕಾಯುವುದು ತಪ್ಪಿದೆ, ಹಾಗಾಗಿ ಮೂರೂ ಒಂದೇ ಏಟಿಗೆ ಆಗುತ್ತದೆ ಅನ್ನಿಸುವುದು ಸಹಜ. ಆದರೆ ಜೋಗಕ್ಕೇ ನೂರು ಕಿ.ಮೀ., ಸಾಗರದಲ್ಲಿ ಕಾಫಿಗೆ ನಿಂತರೆ ಎರಡೂವರೆ ಗಂಟೆ. ಕೊಡಚಾದ್ರಿಗೆ ಜೀಪು ಹತ್ತಿದರೆ ಅರ್ಧ ದಿನ ಅಲ್ಲೇ ಹೋಯಿತು. ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಒಂದಕ್ಕೆ ರೂಮು ಕೊಡುತ್ತಾರೆ, ಮಾರನೇ ದಿನ ಹನ್ನೊಂದಕ್ಕೆ ಬಿಡಬೇಕು. ಕೈಗೆ ಸಿಗುವುದು ಇಪ್ಪತ್ತೆರಡೇ ಗಂಟೆ, ಅದರಲ್ಲಿ ನಿದ್ದೆಗೆ ಎಂಟು. ಉಳಿದದ್ದು ನೀವಿಬ್ಬರೂ ಕೂತು ಮಾತಾಡುವುದಕ್ಕಿರಲಿ.

ಒಂದು ರಾತ್ರಿಗೆ ತೀರ್ಥಹಳ್ಳಿ ಕಡೆಯೇ ಸರಿ. ಅರವತ್ತು ಕಿ.ಮೀ., ಒಂದೂವರೆ ಗಂಟೆ. ರಾತ್ರಿ ಮಗುವಿಗೆ ಹುಷಾರು ತಪ್ಪಿದರೂ ಎರಡು ಗಂಟೆಯೊಳಗೆ ಮನೆ ಸೇರುವ ದೂರ. ಈ ಧೈರ್ಯ ಇದ್ದರೆ ಮಾತ್ರ ಮನಸ್ಸು ಹಗುರಾಗುತ್ತದೆ. ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ, ಇಳಿಯಬೇಡಿ. "ಮಕ್ಕಳಿದ್ದಿದ್ದರೆ" ಎಂಬ ಮಾತು ಅಲ್ಲಿ ಬಂದೇ ಬರುತ್ತದೆ. ಅದನ್ನು ಮಕ್ಕಳ ಜೊತೆಗಿನ ಭಾನುವಾರಕ್ಕೆ ಇಟ್ಟುಕೊಳ್ಳಿ.

ಹತ್ತೂವರೆಗೆ ಹೊರಟರೆ ಊಟದ ಹೊತ್ತಿಗೆ ತಲುಪುತ್ತೀರಿ. ಸಂಜೆಗೆ ಒಂದೇ ಜಾಗ: ಕುಪ್ಪಳಿಯ ಕವಿಶೈಲ ಅಥವಾ ಆಗುಂಬೆಯ ಸೂರ್ಯಾಸ್ತ. ಆಗುಂಬೆಯಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಐದೂವರೆಗೆಲ್ಲ ಅಲ್ಲಿರಿ. ಮಳೆಗಾಲದಲ್ಲಿ ಅಲ್ಲಿ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಉತ್ಸಾಹವಿದ್ದರೆ ಕವಲೇದುರ್ಗದ ಬೆಟ್ಟದ ಕೋಟೆ. ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ. ಮಳೆಯಲ್ಲಿ ಆ ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಚಪ್ಪಲಿಯಲ್ಲಿ ಹತ್ತಬೇಡಿ.

ಹೋಂಸ್ಟೇ ಗೊತ್ತುಮಾಡುವಾಗ ಫೋಟೊ ನೋಡಿ ದುಡ್ಡು ಹಾಕಬೇಡಿ, ಫೋನ್ ಮಾಡಿ ಕೇಳಿ. ಬಾಡಿಗೆ ತಲೆಗೋ ರೂಮಿಗೋ? ಊಟ ಸೇರಿದೆಯೇ? ಬಿಸಿನೀರು ಹಂಡೆಯದೋ ಸೋಲಾರೋ (ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ)? ಕೊನೆಯ ಒಂದೆರಡು ಕಿ.ಮೀ. ಮಣ್ಣು ರಸ್ತೆಯಾದರೆ ಸಣ್ಣ ಕಾರು ಹೋಗುತ್ತದೆಯೇ, ಅಥವಾ ಅವರೇ ಜೀಪು ಕಳಿಸುತ್ತಾರೆಯೇ? ಎಲ್ಲಕ್ಕಿಂತ ಮುಖ್ಯ, ಅವತ್ತು ದೊಡ್ಡ ಗ್ರೂಪ್ ಬುಕಿಂಗ್ ಇದೆಯೇ ಎಂದು ಕೇಳಿ. ಹದಿನೈದು ಜನ ಸ್ಪೀಕರ್ ಹಾಕಿಕೊಂಡು ಅಂಗಳದಲ್ಲಿ ಕೂತರೆ ನಿಮ್ಮ ರಾತ್ರಿ ಅವರ ಪಾಲಾಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ. ಮ್ಯಾಪ್ ಯಾರದೋ ತೋಟದ ಗೇಟಿನ ಮುಂದೆ ನಿಲ್ಲಿಸುವುದುಂಟು, ಯಾವ ಬಸ್‌ಸ್ಟಾಪಿನಲ್ಲಿ ತಿರುಗಬೇಕು ಎಂದು ಬಾಯಲ್ಲೇ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಅರವತ್ತೆಂಟು ವರ್ಷ. ಮೊಮ್ಮಗನಿಗೆ ಆಗಾಗ ಜ್ವರ ಬರುತ್ತದೆ. ಅವರಿಗೆ ಏನೇನು ಹೇಳಿ ಹೋಗಬೇಕು? ಹೊರಡುವಾಗ ಅವನು ಅಳುವುದೇ ದೊಡ್ಡ ಚಿಂತೆ.
– ಭದ್ರಾವತಿ

ಉತ್ತರ: ಹೇಳಿದ್ದು ನೆನಪಿರುವುದಿಲ್ಲ. ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿ.

ಎಡವಟ್ಟಾಗುವುದು ಹೆಚ್ಚಾಗಿ ಜ್ವರದ ಸಿರಪ್ಪಿನಲ್ಲಿ. ಪ್ಯಾರಾಸಿಟಮಾಲ್ ಸಿರಪ್ ಅಂಗಡಿಯಲ್ಲಿ ಎರಡು ತೀವ್ರತೆಯಲ್ಲಿ ಸಿಗುತ್ತದೆ: 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದು, 250 ಮಿ.ಗ್ರಾಂ ಇರುವುದು. ಡಬ್ಬಿಗಳು ನೋಡಲು ಒಂದೇ ಥರ. ಸಾಮಾನ್ಯವಾಗಿ ಮಗುವಿನ ತೂಕದ ಕಿಲೋಗೆ 15 ಮಿ.ಗ್ರಾಂ ಲೆಕ್ಕ. ಹನ್ನೆರಡು ಕಿಲೋದ ಮಗುವಿಗೆ 180 ಮಿ.ಗ್ರಾಂ, ಅಂದರೆ ಮೊದಲನೆಯದರಲ್ಲಿ ಏಳೂವರೆ ಮಿ.ಲೀ., ಎರಡನೆಯದರಲ್ಲಿ ಮೂರೂವರೆ. ಬಾಟಲಿ ಅದಲುಬದಲಾದರೆ ದುಪ್ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ಒಂದೇ ಬಾಟಲಿ ಇರಲಿ, ಇನ್ನೊಂದನ್ನು ತೆಗೆದುಬಿಡಿ. ನಿಮ್ಮ ಡಾಕ್ಟರ ಹತ್ತಿರ ಅಳತೆ ಖಚಿತಪಡಿಸಿಕೊಂಡು ಬಾಟಲಿಯ ಮೇಲೇ ಬರೆಯಿರಿ: ಇಷ್ಟು ಮಿ.ಲೀ., ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಚಮಚ ಬೇಡ, ಗೆರೆ ಇರುವ ಸಿರಿಂಜನ್ನೇ ಇಟ್ಟು, ಒಮ್ಮೆ ಅವರ ಕೈಯಲ್ಲೇ ತುಂಬಿಸಿ ನೋಡಿ.

ಅದೇ ಹಾಳೆಯಲ್ಲಿ ಡಾಕ್ಟರ ನಂಬರು, 108, ರಾತ್ರಿ ಕಾರು ತೆಗೆಯಬಲ್ಲ ಒಬ್ಬ ನೆರೆಯವರ ನಂಬರು, ಹೋಂಸ್ಟೇಯವರ ಎರಡು ನಂಬರು. ಮಲೆನಾಡಿನಲ್ಲಿ ನಿಮ್ಮ ಫೋನ್ ಸಿಗದಿರುವುದೇ ಹೆಚ್ಚು, ಅದಕ್ಕೆ ಗಾಬರಿಯಾಗಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿ. ಜುಲೈ, ಆಗಸ್ಟ್‌ನಲ್ಲಿ ವಾರದ ದಿನ ಹೋಗುವುದಾದರೆ ಇನ್ನೊಂದು ಎಚ್ಚರ: ಮಳೆ ಜೋರಾದರೆ ಡಿಸಿಯವರು ಶಾಲೆಗೆ ರಜೆ ಘೋಷಿಸುವುದು ಹಿಂದಿನ ರಾತ್ರಿಯೋ ಬೆಳಿಗ್ಗೆಯೋ. ಅರ್ಧ ದಿನ ನೋಡಿಕೊಂಡರೆ ಸಾಕು ಅಂದುಕೊಂಡವರಿಗೆ ಇಡೀ ದಿನ ಮಕ್ಕಳು ಮನೆಯಲ್ಲಿರುತ್ತಾರೆ, ಜೊತೆಗೆ ಕರೆಂಟೂ ಇರುವುದಿಲ್ಲ. ಮನೆಯಲ್ಲಿರುವವರಿಗೆಲ್ಲ ಆ ಮಧ್ಯಾಹ್ನಕ್ಕೆ ಸಾಲುವಷ್ಟು ದೋಸೆ ಹಿಟ್ಟು ರುಬ್ಬಿಟ್ಟು, ಟಾರ್ಚ್ ಚಾರ್ಜ್ ಮಾಡಿಟ್ಟು ಹೊರಡಿ.

ಮಗು ಮಲಗಿರುವಾಗ ಕದ್ದು ಹೋಗಬೇಡಿ. ಎದ್ದಾಗ ಅಮ್ಮ ಇಲ್ಲ ಅಂದರೆ ಮುಂದೆ ನೀವು ಅಂಗಡಿಗೆ ಹೊರಟರೂ ಸೆರಗು ಬಿಡುವುದಿಲ್ಲ. ಸಣ್ಣ ಮಕ್ಕಳಿಗೆ ದಿನದ ಲೆಕ್ಕ ತಿಳಿಯುವುದಿಲ್ಲ. "ಎರಡು ಊಟ, ಒಂದು ನಿದ್ದೆ, ಒಂದು ತಿಂಡಿ, ಆಮೇಲೆ ಬರ್ತೀವಿ" ಎಂದರೆ ತಿಳಿಯುತ್ತದೆ. ಹೇಳಿದ ಹೊತ್ತಿಗೆ ಬನ್ನಿ. ಮಲಗುವ ಹೊತ್ತಿಗೆ ವಿಡಿಯೋ ಕಾಲ್ ಮಾಡಿದರೆ ಅಳು ಶುರುವಾಗಿ ಅಜ್ಜಿಗೇ ಕಷ್ಟ. ಸಂಜೆ ಐದಕ್ಕೆ, ಆಟದ ಮಧ್ಯೆ ಮಾತಾಡಿ. ಇದುವರೆಗೆ ಅವನು ಅಜ್ಜಿಯ ಹತ್ತಿರ ಒಬ್ಬನೇ ಮಲಗಿಲ್ಲವಾದರೆ, ಮೊದಲು ಒಂದು ರಾತ್ರಿ ಅಲ್ಲಿ ಬಿಟ್ಟು ನೀವು ನಿಮ್ಮ ಮನೆಯಲ್ಲೇ ಇದ್ದು ನೋಡಿ.

ಪ್ರಶ್ನೆ: ಎಂಟು ತಿಂಗಳ ಮಗು, ಎದೆಹಾಲು ಕುಡಿಯುತ್ತದೆ. ಹೋಗಬಹುದೇ?
– ಸಾಗರ

ಉತ್ತರ: ಹಾಲು ತೆಗೆದಿಟ್ಟು ಹೋಗಬಹುದು, ಆದರೆ ಮಗು ಬಾಟಲಿಯನ್ನೋ ಲೋಟವನ್ನೋ ಒಪ್ಪುತ್ತದೆಯೇ ಎಂದು ಒಂದೆರಡು ವಾರ ಮೊದಲೇ ನೋಡಿ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಮಳೆಗಾಲದ ಪವರ್‌ಕಟ್ಟಿಗೆ ಫ್ರಿಜ್ ನಿಂತರೆ ಈ ಲೆಕ್ಕ ತಪ್ಪುತ್ತದೆ. ನೀವೂ ಅಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಹಾಲು ತೆಗೆಯಬೇಕು. ಬಿಟ್ಟರೆ ಎದೆ ಗಟ್ಟಿಯಾಗಿ ನೋವು, ಜ್ವರ ಬರಬಹುದು. ಈಗ ಬೆಳಿಗ್ಗೆ ಹೋಗಿ ಸಂಜೆ ಬನ್ನಿ, ರಾತ್ರಿ ಉಳಿಯುವುದನ್ನು ಮುಂದಿನ ವರ್ಷಕ್ಕಿಡಿ ಎನ್ನುವುದು ನಮ್ಮ ಸಲಹೆ.

ಪ್ರಶ್ನೆ: ಉಂಬಳ (ಜಿಗಣೆ), ಮಂಗನ ಕಾಯಿಲೆ ಎರಡರ ಭಯವೂ ಇದೆ. ಯಾವ ತಿಂಗಳು ಹೋಗುವುದು? ಶಿವಮೊಗ್ಗದ ವಿಳಾಸವಿದ್ದರೆ ಶಿವಮೊಗ್ಗದಲ್ಲೇ ರೂಮು ಕೊಡುವುದಿಲ್ಲವಂತೆ, ನಿಜವೇ?
– ಗೋಪಾಳ, ಶಿವಮೊಗ್ಗ

ಉತ್ತರ: ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಮಳೆ ಇಳಿದಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಉಂಬಳ ಕಚ್ಚಿದರೆ ಎಳೆಯಬೇಡಿ, ಬಾಯಿ ಇರುವ ತುದಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ಸಾಕು.

ಮಂಗನ ಕಾಯಿಲೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಇದು ಮೊದಲು ಗೊತ್ತಾದದ್ದು. ಹರಡುವುದು ಉಣುಗಿನಿಂದ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಹೋದರೆ ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಹೋಂಸ್ಟೇಯವರನ್ನು ಕೇಳಿ. ಸತ್ತಿದ್ದರೆ ಬೇರೆ ಕಡೆ ಹೋಗಿ. ಕಾಡಿನ ತರಗೆಲೆಯ ಮೇಲೆ ಕೂರಬೇಡಿ, ತುಂಬು ತೋಳಿನ ಬಟ್ಟೆ ಹಾಕಿ, ಬಂದೊಡನೆ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ಊರಿನವರಿಗೆ ರೂಮು ಕೊಡದ ಲಾಡ್ಜುಗಳು ಇವೆ. ಬುಕ್ ಮಾಡುವ ಮುಂಚೆ "ಲೋಕಲ್ ಐಡಿ ನಡೆಯುತ್ತದೆಯೇ" ಎಂದು ಕೇಳಿಬಿಡಿ. ಇಬ್ಬರದ್ದೂ ಆಧಾರ್ ಕೈಯಲ್ಲಿರಲಿ, ಒಬ್ಬರದ್ದು ತೋರಿಸಿದರೆ ಸಾಲದು.